ಪ್ರೈಮರ್ ಓದಿಸಿಕೊಳ್ಳುತ್ತಿದ್ದ ಗೆಳೆಯ

“ಕಣ್ಣುಮುಚ್ಚಿ ತೆಗೆಯುವುದರೊಳಗೆ ಸಾಫ್ಟ್‌ವೇರ್ ಪ್ರೈಮರ್ ಮಾಡಿಕೊಡುತ್ತದೆ. ಪೆನ್ಸಿಲ್ ಹಿಡಿದು ಕೂರುವ ಹಳೆಯ ಪದ್ಧತಿ ನನಗೇಕೆ ಮೇಡಂ?” ಎಂದು ಶಿಷ್ಯ ತಿಪ್ಪೇಶ ಕೇಳಿದ.

ಗುರು ಜಲಜಾಕ್ಷಿ ನಕ್ಕು, ಆತುರಗಾರನಿಗೆ ಕತೆಯೇ ಮದ್ದು ಎಂದು ಹೇಳತೊಡಗಿದರು.

ಒಬ್ಬ ಸಂಶೋಧಕಿ ಇದ್ದಳು. ರೋಗಾಣುವಿನ ಡಿಎನ್‌ಎಯನ್ನು ಹುಡುಕಿ ಅದರ ಪ್ರತಿಗಳನ್ನು ತೆಗೆಯಲು ಅದಕ್ಕೆ ಹೋಗಿ ಅಂಟುವ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ತುಣುಕುಗಳು ಬೇಕು. ಸಾಫ್ಟ್‌ವೇರ್ ಇಲ್ಲದ ಆ ಕಾಲದಲ್ಲಿ ಅವಳು ಅವುಗಳ ಅಕ್ಷರಸಾಲನ್ನು ಕೈಯಾರೆ ಬರೆದು, ಎದುರು ಮೇಜಿನ ಗೆಳೆಯನಿಗೆ ಅಕ್ಷರ ಅಕ್ಷರವಾಗಿ ಓದಿ ಹೇಳುತ್ತಿದ್ದಳು. ಇನ್ನೊಬ್ಬರಿಗೆ ಓದಿ ಹೇಳದೆ ಯಾರೂ ಪ್ರೈಮರ್ ತರಿಸುತ್ತಿರಲಿಲ್ಲ. ಅದು ಆ ಪ್ರಯೋಗಾಲಯದ ರೂಢಿ. ಗೆಳೆಯನೋ ಮಹಾ ತಕರಾರಿನವನು. ಅಲ್ಲಿ ಅಂಟಿದರೆ, ಇಲ್ಲಿ ಅಂಟಿದರೆ ಎಂದು ತಲೆ ತಿನ್ನುತ್ತಿದ್ದ. ಜಗಳವಾಗುತ್ತಿತ್ತು, ಚಹಾ ಆರುತ್ತಿತ್ತು. ಎಂಥ ಸುಖದ ದಿನಗಳವು!

ಸಾಫ್ಟ್‌ವೇರ್ ಬಂತು. ಗೆಳೆಯ ಅಭ್ಯಾಸಬಲದಿಂದ ಕುರ್ಚಿ ಎಳೆದುಕೊಂಡು ಬಂದ. ಇನ್ನು ಬೇಡ ಮಾರಾಯ, ಅದೇ ಎಲ್ಲ ನೋಡಿಕೊಳ್ಳುತ್ತದೆ ಎಂದಳು. ಅವನು ಕುರ್ಚಿ ಸಮೇತ ಹಿಂದಿರುಗಿದ.

ಹೀಗೆ ವರ್ಷಗಳು ಕಳೆದವು. ಒಬ್ಬ ಕುರಿಗಾಹಿಯ ಮಂದೆಗೆ ಸೋಂಕು ತಗುಲಿದೆಯೆಂಬ ಶಂಕೆ ಬಂತು. ರೋಗ ಖಚಿತವಾದರೆ ಕುರಿಗಳನ್ನೆಲ್ಲ ಕೊಲ್ಲಬೇಕು. ಅವಳ ಪ್ರೈಮರಿಗೆ ಸಾಫ್ಟ್‌ವೇರ್ ಪೂರ್ತಿ ಅಂಕ ಕೊಟ್ಟಿತ್ತು. ಪರೀಕ್ಷೆಯಲ್ಲಿ ಒಂದೂ ಬಿಡದೆ ಎಲ್ಲ ಕುರಿಗಳಲ್ಲೂ ರೋಗ ಕಂಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅವಳೂ ವರದಿಗೆ ಸಹಿ ಹಾಕಲು ಕುಳಿತಳು.

ಬಾಗಿಲಲ್ಲಿ ಕುರಿಗಾಹಿ ಕಣ್ಣೀರು ಒರೆಸಿಕೊಳ್ಳುತ್ತ ನಿಂತಿದ್ದ. ಅವಳಿಗೆ ಕೈ ಬರಲಿಲ್ಲ. ಎದ್ದು ಹೋಗಿ ಗೆಳೆಯನ ಎದುರು ಕುಳಿತಳು. ಎಷ್ಟೋ ಕಾಲದ ಮೇಲೆ ಅವನಿಗೆ ಪ್ರೈಮರನ್ನು ಓದಿ ಹೇಳಿದಳು.

“ಇದು ಕುರಿಯ ಡಿಎನ್‌ಎಗೇ ಅಂಟುವುದಿಲ್ಲ ತಾನೆ?” ಎಂದ ಅವನು.

ಅವಳು ಸಾಫ್ಟ್‌ವೇರಿಗೆ ತಾನು ಕೊಟ್ಟಿದ್ದ ಸೂಚನೆಯನ್ನು ತೆಗೆದು ನೋಡಿದಳು. ಬೇರೆ ರೋಗಾಣುಗಳಿಗೆ ಅಂಟುತ್ತದೆಯೇ ಎಂಬುದನ್ನಷ್ಟೇ ನೋಡಲು ಅವಳು ಸಾಫ್ಟ್‌ವೇರಿಗೆ ಹೇಳಿದ್ದಳು. ಕುರಿಯನ್ನೇ ಮರೆತಿದ್ದಳು. ಪ್ರೈಮರ್ ಹಿಡಿದದ್ದು ಕುರಿಯ ಡಿಎನ್‌ಎಯನ್ನು. ಅದಕ್ಕೇ ಆರೋಗ್ಯವಾಗಿದ್ದ ಕುರಿಯೂ ರೋಗಿಯಾಗಿ ಕಂಡಿತ್ತು. ಇಬ್ಬರೂ ಕೂತು ಹೊಸ ಪ್ರೈಮರ್ ಬರೆದರು. ಮರುಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಮಂದೆ ಉಳಿಯಿತು.

“ಹಾಗಾದರೆ ತಪ್ಪು ಸಾಫ್ಟ್‌ವೇರಿನದೇ ಅಲ್ಲವೇ?” ಎಂದ ತಿಪ್ಪೇಶ.

“ಕೇಳಿದ್ದಕ್ಕೆಲ್ಲ ಅದು ಸರಿಯಾಗಿಯೇ ಉತ್ತರ ಕೊಟ್ಟಿತಪ್ಪ, ನೀನು ಕೇಳಲು ಮರೆತದ್ದನ್ನು ಕೇಳುವವರು ನಿನಗೆ ಯಾರಿದ್ದಾರೆ?” ಎಂದರು ಗುರುಗಳು.

ತಿಪ್ಪೇಶ ಕುರ್ಚಿ ಎಳೆದುಕೊಂಡು ಅವರ ಎದುರು ಕುಳಿತು, ತನ್ನ ಪ್ರೈಮರನ್ನು ಅಕ್ಷರ ಅಕ್ಷರವಾಗಿ ಓದತೊಡಗಿದ.