ತೇಲುವ ಕಲ್ಲು

ಹೊಳೆಯಾಚೆ ತರ್ಕದ ಸಭೆ. ಗೆದ್ದವನಿಗೆ ಶಾಲು. ಆದರೆ ದೋಣಿ ಹತ್ತಬೇಕಾದರೆ ಗುರುಗಳು ಹೂಂ ಅನ್ನಬೇಕು.

ಶಿಷ್ಯ ಮಾಳಿಂಗ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಲ್ಲ. ಆಶ್ರಮದ ಆಕಳಿನ ಜೊತೆಗೂ ವಾದಕ್ಕಿಳಿದ. ಆಕಳು ಎದುರು ಮಾತಾಡಲಿಲ್ಲ. ಅಲ್ಲಿಗೆ ಒಂದು ಗೆಲುವು.

ಗುರುಗಳು ದಡದಲ್ಲಿ ದೊಡ್ಡ ಕಲ್ಲೊಂದರ ಪಕ್ಕ ಕೂತಿದ್ದರು.

"ಗುರುಗಳೇ, ಹೋಗಲಾ?"

"ಒಂದು ಪ್ರಶ್ನೆ ಇದೆ. ಎಲ್ಲ ಕಲ್ಲುಗಳೂ ತೇಲುತ್ತವೆ. ಇದು ಕಲ್ಲು. ಮುಂದೆ?"

ಮಾಳಿಂಗ ಕಿಸಕ್ಕನೆ ನಕ್ಕ. "ಕಲ್ಲು ಎಲ್ಲಾದರೂ ತೇಲುತ್ತಾ?"

"ಅದನ್ನು ಕೇಳಿದೆನಾ?"

ದೋಣಿಯಿಂದ ಅಂಬಿಗ ದುರ್ಗಪ್ಪ ಕೂಗಿದ. "ತಮ್ಮಾ, ನಿಮ್ಮ ತರ್ಕ ಮುಗಿಯೂದ್ರಾಗ ಹೊಳಿ ಬತ್ತತೈತಿ."

ಮಾಳಿಂಗ ತಲೆ ಕೆರೆದುಕೊಂಡ. ಎದುರಿಗಿಟ್ಟ ಮಾತು ನಿಜವೋ ಸುಳ್ಳೋ ನೋಡಬಾರದು, ಅದರಿಂದ ಏನು ಹೊರಡುತ್ತದೋ ಅದನ್ನಷ್ಟೇ ಹೇಳಬೇಕು. ಗುರುಗಳೇ ಕಲಿಸಿದ್ದು. ಥಟ್ಟನೆ ನೆನಪಾಯಿತು.

"ಹಾಗಾದರೆ ಇದೂ ತೇಲುತ್ತದೆ."

"ಇದರಲ್ಲಿ ತಪ್ಪಿದೆಯಾ?" ಗುರುಗಳು ಕೇಳಿದರು.

"ಎಳ್ಳಷ್ಟೂ ಇಲ್ಲ."

"ಹೌದು, ಸರಿಯಾಗಿದೆ."

ಮಾಳಿಂಗ ಕುಣಿದ. ಧೋತರ ಸಡಿಲವಾಯಿತು. ಅದನ್ನು ಹಿಡಿದುಕೊಂಡೇ ಕುಣಿದ.

ಗುರುಗಳು ಅಂಬಿಗನಿಗೆ ಕೈ ಬೀಸಿದರು. "ದುರ್ಗಪ್ಪಾ, ನೀನು ಹೊರಡು."

ದೋಣಿ ದಡ ಬಿಟ್ಟಿತು.

"ಗುರುಗಳೇ, ನಾನು?"

"ಈ ಕಲ್ಲು ತಬ್ಬಿಕೊಂಡು ಹೊಳೆ ದಾಟು. ಹೇಗೂ ತೇಲುತ್ತದಲ್ಲ."

ಮಾಳಿಂಗ ಗುರುಗಳ ಮುಖ ನೋಡಿದ. ನಗುವಿನ ಸುಳಿವಿಲ್ಲ. ತಿಣುಕಾಡಿ ಕಲ್ಲನ್ನು ಎತ್ತಿ ನೀರಿಗಿಳಿದ. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಕಲ್ಲನ್ನು ಎದೆಗೆ ಒತ್ತಿ ಹಿಡಿದ. ದೋಣಿ ದೂರವಾಗುತ್ತಿತ್ತು, ಶಾಲೂ ದೂರವಾಗುತ್ತಿತ್ತು.

"ಮುಳುಗಿ ಸಾಯ್ತೀನಿ ಗುರುಗಳೇ."

"ಯಾಕೆ? ನಿನ್ನ ತರ್ಕದಲ್ಲಿ ತಪ್ಪಿದೆಯಾ?"

"ಇಲ್ಲ."

"ಮತ್ತೆ?"

"ನನ್ನದು ಸರಿಯಾಗೇ ಇದೆ. ನೀವು ಮೊದಲು ಹೇಳಿದಿರಲ್ಲ, ಆ ಮಾತೇ ಸುಳ್ಳು."

ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡ. ಗುರುಗಳಿಗೇ ಸುಳ್ಳು ಅಂದಾಗಿತ್ತು.

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಪ್ಪಾಳೆ ತಟ್ಟಿ ದೋಣಿಯನ್ನು ವಾಪಸ್ ಕರೆದರು.

ಮಾಳಿಂಗ ಕೈ ಬಿಟ್ಟ. ಗುಡುಮ್. ಕಲ್ಲು ತರ್ಕಕ್ಕೆ ಮರ್ಯಾದೆ ಕೊಡಲಿಲ್ಲ.

ಒದ್ದೆ ಧೋತರದಲ್ಲೇ ದೋಣಿ ಹತ್ತಿ ಕೇಳಿದ. "ಗುರುಗಳೇ, ಈಗಲಾದರೂ ಹೋಗಲಾ?"

"ಹೋಗು. ಅಲ್ಲಿ ಸುಳ್ಳು ಮಾತಿನ ಕಲ್ಲಿಗೆ ಶಾಲು ಹೊದಿಸಿ ಕೊಡುತ್ತಾರೆ. ತಬ್ಬಿಕೊಳ್ಳುವ ಮೊದಲು ಶಾಲು ಎತ್ತಿ ನೋಡು."