ಹೊಳೆಗಿಳಿದ ಸೋರೆಬುರುಡೆ

"ಗುರುಗಳೇ, ಗಣಿತದ ಪರೀಕ್ಷೆಯನ್ನೇ ಬದಲಾಯಿಸಿಬಿಟ್ಟಿದ್ದಾರೆ. ಪುಸ್ತಕದ ಲೆಕ್ಕ ಬರುವುದಿಲ್ಲವಂತೆ, ಯೋಚಿಸಿ ಬಿಡಿಸುವ ಲೆಕ್ಕವಂತೆ. ಮಕ್ಕಳಿಗೆ ನಾನು ಇನ್ನೆಷ್ಟು ಆಸರೆ ಕೊಡಲಿ?"

ಕೇಳಿದವನು ಹೈಸ್ಕೂಲಿನ ಗಣಿತ ಮೇಷ್ಟ್ರು ಭರಮಣ್ಣ. ಕೇಳಿಸಿಕೊಂಡವರು ಹಿಂದೆ ಅವನಿಗೆ ಗಣಿತ ಕಲಿಸಿದ ಗುರುಗಳು. ಚಿಂತೆ ಇಡೀ ತರಗತಿಯದು. ಮುಳ್ಳಾಗಿ ಚುಚ್ಚುತ್ತಿದ್ದದ್ದು ನಸೀಮಾ ಒಬ್ಬಳದು. ಹತ್ತನೆಯ ತರಗತಿಯ ಹುಡುಗಿ, ಪುಸ್ತಕದ ಲೆಕ್ಕವೆಲ್ಲ ಬಾಯಿಪಾಠ. ಹೊಸ ಮಾದರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು, "ಸಾರ್, ನಾನು ಪರೀಕ್ಷೆಗೆ ಕೂರಲ್ಲ" ಎಂದಿದ್ದಳು. ಅಂದಿನಿಂದ ಭರಮಣ್ಣ ತಾನೇ ಕೂತು ನಲವತ್ತು ಪ್ರಶ್ನೆಪತ್ರಿಕೆ ಬರೆದಿದ್ದ. ಆ ಕಟ್ಟು ಈಗ ಅವನ ತೊಡೆಯ ಮೇಲಿತ್ತು.

ಗುರುಗಳು ಕಟ್ಟನ್ನು ನೋಡಿದರು, ಮುಟ್ಟಲಿಲ್ಲ. ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ದೋಣಿಯ ಕೆಲಸಕ್ಕೆ ಬರುವ ಮಕ್ಕಳಿಗೆ ಊರ ಬಾವಿಯಲ್ಲಿ ಈಜು ಕಲಿಸುತ್ತಿದ್ದ. ಬೆನ್ನಿಗೊಂದು ಒಣಗಿದ ಸೋರೆಬುರುಡೆ ಕಟ್ಟುವನು, ಬುರುಡೆ ತೇಲಿಸುವುದು. ಬಾವಿಯಲ್ಲಿ ಮೂರು ಸುತ್ತು ಹಾಕಿದವರ ಕೈಗೆ ಊರ ಹಿರಿಯರು ದೋಣಿಯ ಹುಟ್ಟು ಕೊಡುವರು. ಬುರುಡೆ ಬಿಚ್ಚಬೇಕೆಂದು ಯಾರಿಗೂ ತೋಚಿರಲಿಲ್ಲ.

ಒಂದು ವರ್ಷ ಹಿರಿಯರು, "ದೋಣಿ ಮಗುಚುವುದು ಬಾವಿಯಲ್ಲಲ್ಲ. ಇನ್ನು ಹೊಳೆ ದಾಟಿ ತೋರಿಸಲಿ" ಎಂದರು. ಅಂಬಿಗ ಹೆದರಿದ. ಒಂದಿದ್ದ ಕಡೆ ಮೂರು ಬುರುಡೆ ಕಟ್ಟಿದ. ಮಕ್ಕಳು ಮುಳುಗಲಿಲ್ಲ, ನಿಜ, ದಡವನ್ನೂ ಸೇರಲಿಲ್ಲ. ಕೈ ನೀರಿಗೆ ಎಟುಕದೆ, ಸೆಳವು ಒಯ್ದತ್ತ ತೇಲಿಹೋದವು. ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಮುದುಕಿ ಒಂದೊಂದನ್ನೇ ಎಳೆದು ದಡಕ್ಕೆ ಹಾಕಿದಳು.

"ಏನಪ್ಪಾ ಅಂಬಿಗ, ಈಜು ಕಲಿಸಿದ್ದು ಮಕ್ಕಳಿಗೋ, ಬುರುಡೆಗೋ?"

"ಹೊಳೆ ಅವಕ್ಕೆ ಹೊಸದು ಕಣಜ್ಜಿ. ಮುಳುಗಿಬಿಟ್ಟರೆ?"

"ಇಲ್ಲಿ ಸೊಂಟದುದ್ದ ನೀರಿದೆ, ಇಲ್ಲಿ ಮುಳುಗಲಿ. ನೀನು ಪಕ್ಕದಲ್ಲಿ ನಿಂತಿರು. ನೀರು ಕುಡಿಯದೆ ಈಜು ಬಂದದ್ದು ಮೀನಿಗೆ ಮಾತ್ರ."

ಅಂಬಿಗ ಬುರುಡೆ ಬಿಚ್ಚಿದ. ಮಕ್ಕಳು ನೀರು ಕುಡಿದವು, ಕೆಮ್ಮಿದವು, ಅವನನ್ನೇ ಬೈದವು. ಅವನು ಹೊಟ್ಟೆಯಡಿ ಅಂಗೈ ಇಟ್ಟುಕೊಂಡು ನಿಂತ. ತೀರ ಬೇಕಾದಾಗ ಮಾತ್ರ ಎತ್ತಿದ. ಎಷ್ಟೋ ದಿನದ ಮೇಲೆ ಒಬ್ಬಳು ಹುಡುಗಿ ಹೊಳೆ ದಾಟಲು ಹೊರಟವಳು, ಎದುರು ದಡದ ಕಡೆಗಲ್ಲದೆ ಹರಿವಿಗೆ ಓರೆಯಾಗಿ ಮೇಲ್ಗಡೆ ಮುಖ ಮಾಡಿದಳು. ಸೆಳವು ಅವಳನ್ನು ನೆಟ್ಟಗೆ ಎದುರು ದಡಕ್ಕೇ ಮುಟ್ಟಿಸಿತು.

"ಇದನ್ನು ನಾನು ಹೇಳಿಕೊಡಲಿಲ್ಲವಲ್ಲೇ!" ಎಂದ ಅಂಬಿಗ.

"ಎರಡು ಸಲ ಸೆಳವು ಕೆಳಕ್ಕೆ ಒಯ್ದಿತಲ್ಲ, ಅಷ್ಟೇ ದೂರ ಮೇಲಕ್ಕೆ ತಿರುಗಿದೆ" ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಭರಮಣ್ಣನಿಗೆ ಆ ಓರೆ ದಾರಿ ಕಣ್ಣಿಗೆ ಕಟ್ಟಿತ್ತು. ಆದರೂ ಸಮಾಧಾನವಾಗಲಿಲ್ಲ.

"ನೀರು ಕುಡಿಸುವಷ್ಟು ದಿನ ನಮಗೆಲ್ಲಿದೆ ಗುರುಗಳೇ? ಅದಕ್ಕೇ ಪ್ರತಿ ಲೆಕ್ಕದ ಕೆಳಗೂ ನಾನೇ ಬಿಡಿಸಿಟ್ಟಿದ್ದೇನೆ. ನಸೀಮಾ ಓದಿಕೊಂಡರೆ ಸಾಕು."

ಗುರುಗಳು ಆಗ ಕಟ್ಟನ್ನು ತೆಗೆದುಕೊಂಡರು. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಸಾವಕಾಶವಾಗಿ ನೋಡಿ, ಮತ್ತೆ ಅವನ ತೊಡೆಯ ಮೇಲಿಟ್ಟರು.

"ಒಂದೂ ತಪ್ಪಿಲ್ಲ ಭರಮಣ್ಣ, ಈ ಸಲ ಪರೀಕ್ಷೆಗೆ ನೀನೇ ಕೂತುಬಿಡು, ಪಾಸಾಗುತ್ತೀಯ."