ಕರಡಿ ಎಲೆ ಇಳಿಸುವ ಹೊತ್ತು

"ಗುರುಗಳೇ, ಒಂದೇ ಕೆಲಸದಲ್ಲಿ ಲಾಭವೂ ಇದೆ, ಕೇಡೂ ಇದೆ. ಅದಕ್ಕೆ ಕೈ ಹಾಕಬೇಕೋ ಬೇಡವೋ ಎಂದು ತೂಗುವುದು ಹೇಗೆ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

"ನೀನು ತಕ್ಕಡಿ ಹಿಡಿದುಕೊಂಡೇ ಹುಟ್ಟಿದವನಪ್ಪ, ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಇಬ್ಬರು ಸೂಲಗಿತ್ತಿಯರಿದ್ದರು. ಕೇರಿಗಳನ್ನು ಹಂಚಿಕೊಂಡು ಹೆರಿಗೆ ಮಾಡಿಸುತ್ತಿದ್ದರು. ಕೆಲಸವಿಲ್ಲದ ಮಧ್ಯಾಹ್ನ ಜಗಲಿಯಲ್ಲಿ ಕೂತು ಇಸ್ಪೀಟಿನಂಥ ಬಣ್ಣದ ಎಲೆಗಳ ಆಟ ಆಡುತ್ತಿದ್ದರು. ಅದರಲ್ಲಿ ಕರಡಿ ಎಂಬುದೊಂದು ಎಲೆ. ಅದನ್ನು ಇಳಿಸಿದವಳಿಗೆ ಆ ಸುತ್ತಿನ ಗೆಲುವು ಖಂಡಿತ. ಆದರೆ ಮುಂದಿನ ಮೂರು ಸುತ್ತು ಅವಳು ಕೈಕಟ್ಟಿ ಕೂರಬೇಕು.

ಕರಡಿ ಕೈಗೆ ಬಂದದ್ದೇ ತಡ, ಕಿರಿಯಳು ಹಿಗ್ಗಿ ಇಳಿಸಿಬಿಡುವಳು, ಆಮೇಲೆ ಸೋಲುವಳು. ಹಿರಿಯಳು ಅದನ್ನು ಹಿಡಿದಿಟ್ಟುಕೊಂಡು ಕಡೆಯ ಸುತ್ತಿನಲ್ಲಿ ಇಳಿಸುವಳು.

"ಅಕ್ಕ, ಈ ಕರಡಿ ನಿನಗೆ ಮಾತ್ರ ಪರಚೋದೇ ಇಲ್ಲವಲ್ಲ?"

"ಆಟ ಮುಗಿದ ಮೇಲೆ ಪರಚೋದಕ್ಕೆ ಏನು ಉಳಿದಿರುತ್ತೆ, ಹುಚ್ಚಿ."

ಆ ವರ್ಷ ಊರಿಗೆ ಪ್ಲೇಗು ಬಂತು. ಬೇನೆ ಬಿದ್ದವರನ್ನು ಊರಾಚೆಯ ಗುಡಿಸಲುಗಳಲ್ಲಿಟ್ಟು ಸುತ್ತ ಮುಳ್ಳುಬೇಲಿ ಹಾಕಿದರು. ಒಳಗೆ ಹೋದವರು ಹೊರಗೆ ಬರುವಂತಿರಲಿಲ್ಲ. ಅಲ್ಲಿದ್ದ ಬಸುರಿಯೊಬ್ಬಳಿಗೆ ನೋವು ಶುರುವಾಯಿತು. ಮಗು ಅಡ್ಡ ನಿಂತಿದೆ ಎಂದು ಒಳಗಿನವರು ಕೂಗಿ ಹೇಳಿದರು.

ಅವಳು ಕಿರಿಯಳ ಪಾಲಿನ ಕೇರಿಯವಳು. ಹೋಗದಿದ್ದರೆ ಎರಡು ಜೀವ ಹೋಗುತ್ತವೆ. ಕಿರಿಯಳು ಹಾಲು ಕುಡಿಯುವ ತನ್ನ ಕೂಸನ್ನು ನೆರೆಯವಳ ಮಡಿಲಿಗೆ ಹಾಕಿ, ಬೇಲಿಯ ಬಳಿ ಬಂದಳು. ಹಿರಿಯಳು ಆಗಲೇ ಸೆರಗು ಬಿಗಿದು ಅಲ್ಲಿ ನಿಂತಿದ್ದಳು.

"ಇದು ನನ್ನ ಕೇರಿ, ಅಕ್ಕ."

"ಎಷ್ಟು ಸಲ ಸೋತರೂ ನಿನಗೆ ಬುದ್ಧಿ ಬರಲಿಲ್ಲ. ಮೊದಲ ಸುತ್ತಿನಲ್ಲಿ ಕರಡಿ ಇಳಿಸ್ತಾರೇನೇ? ನನ್ನದು ಕಡೆಯ ಸುತ್ತು. ಆಚೆ ಸರಿ."

ಬೇಲಿ ಸರಿಸಿ ಅವಳು ಒಳಗೆ ಹೋದಳು, ತಿರುಗಿ ನೋಡಲಿಲ್ಲ. ಹೊತ್ತು ಇಳಿಯುವ ಮೊದಲೇ ಕೂಸಿನ ಅಳು ಕೇಳಿಸಿತು. ಕಿರಿಯಳು, ಇಷ್ಟು ದಿನ ತಾನು ಎಂಥವಳ ಎದುರು ಕೂತು ಎಲೆ ಆಡಿದೆ ಎಂದುಕೊಂಡು, ಆ ಮುಳ್ಳುಬೇಲಿಗೇ ಕೈಮುಗಿದಳು.

ಬಾಣಂತಿ ಬದುಕಿದಳು, ಕೂಸೂ ಬದುಕಿತು. ಹಿರಿಯಳು ಐದನೆಯ ದಿನ ತೀರಿಕೊಂಡಳು.

ಮುರಿಗೆಪ್ಪ ತಲೆದೂಗಿದ. "ತಿಳಿಯಿತು ಗುರುಗಳೇ. ಮುದುಕಿಗೆ ಮುಂದಿನ ಸುತ್ತೇ ಇರಲಿಲ್ಲ. ಅವಳ ತಕ್ಕಡಿಯಲ್ಲಿ ಕೇಡಿಗೆ ತೂಕವೇ ಇಲ್ಲ."

ಗುರುಗಳು ಹೇಳಿದರು: "ಅವಳು ಕಿರಿಯಳಿಗಿಂತ ಎರಡೇ ವರ್ಷಕ್ಕೆ ದೊಡ್ಡವಳಪ್ಪ."